ಒಂದಕ್ಕೆ ಐವತ್ತು

ಹಡಗು ಮಾಡುವುದು ಕಷ್ಟವಲ್ಲ.
ಒಂದು ಬ್ಲೇಡು, ತೇಗದ ಚೂರು,
ಬೈತಖೋಲದ ಶೆಡ್ಡಿನಲ್ಲಿ ಉಳಿದ ಸಂಜೆಗಳು ಸಾಕು.
ಹಗಲೆಲ್ಲ ಒಡೆದ ದೋಣಿಗಳ ಹೊಟ್ಟೆಗೆ
ಫೈಬರ್ ಬಟ್ಟೆ ಹಾಸಿ ರೆಸಿನ್ ಸವರುವ ಕೈ ಇದು;
ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಬರುವ ಮಂಜಿಗೆ
ಪಕ್ಕೆಲುಬು ಕೂರಿಸುತ್ತ ಕೂರಿಸುತ್ತ
ಸಣ್ಣಗಾಗುವುದನ್ನು ಕಲಿಯಿತು.

ಅಳತೆ, ಒಂದಕ್ಕೆ ಐವತ್ತು.
ಐವತ್ತಡಿ ಇಲ್ಲಿ ಒಂದಡಿ,
ಆಳೆಂದರೆ ಬೆರಳಿನ ಒಂದೂವರೆ ಗೆಣ್ಣು.
ಹಗ್ಗಕ್ಕೆ ಅಬ್ಬಲಿಗೆ ಕಟ್ಟುವ ಬಾಳೆನಾರು, ಸೀಳಿ, ಮತ್ತೆ ಸೀಳಿ.
ಹಾಯಿಗೆ ಶೇವಂತಿ ವೈನಿ ಹರಿದುಕೊಟ್ಟಳು
ಅವಳ ಮಾವನ ಪಂಚೆ.
ಗಂಜಿಯಲ್ಲಿ ಅದ್ದಿ, ಒಣಗುವ ಮೊದಲೇ
ಟೇಬಲ್ ಫ್ಯಾನಿನ ಎದುರು ಹಿಡಿದೆ.
ಹೊಟ್ಟೆ ತುಂಬಿಕೊಂಡು ಗಟ್ಟಿಯಾಯಿತು ಗಾಳಿ.

ಕಷ್ಟ ಇರುವುದು ನೀರಲ್ಲಿ.

ಕೋಡಿಬಾಗದ ತುದಿಗೆ ಹೋಗಿ
ಮೊಬೈಲಿನಲ್ಲಿ ಎಪ್ಪತ್ತು ಫೋಟೋ ಹಿಡಿದೆ,
ಎಪ್ಪತ್ತರಲ್ಲೂ ಬೇರೆ ಬೇರೆ ಸಮುದ್ರ.
ಥರ್ಮಾಕೋಲು ಕೆತ್ತಿ ಅಲೆ ಎಬ್ಬಿಸಿದೆ.
ನೀಲಿ ಬಳಿದರೆ ಕ್ಯಾಲೆಂಡರಿನ ನೀರು,
ಹಸಿರು ಸೇರಿಸಿದರೆ ಪಾಚಿಗಟ್ಟಿದ ಬಾವಿ.
ಕಡೆಗೆ ಮೀನು ಕೊಯ್ಯುವ ಹಲಗೆ ತೊಳೆದಾಗ ಹರಿಯುವುದಲ್ಲ,
ಆ ಬಣ್ಣದ ಹತ್ತಿರದ್ದೊಂದು ಸಿಕ್ಕಿತು.

ಬುದವಂತಜ್ಜ ಬಂದ.
ಹನ್ನೆರಡನೇ ವಯಸ್ಸಿಗೆ ಅಡಿಗೆ ಹುಡುಗನಾಗಿ ಮಂಜಿ ಹತ್ತಿ
ಮುಂಬಯಿಗೆ ಹಂಚು ಹೊತ್ತವನು, ಆಮೇಲೆ ತಾಂಡೇಲ.
ಒಂದು ಕಣ್ಣಿಗೆ ಪೊರೆ; ಇನ್ನೊಂದರಿಂದ ನೋಡಿ ಬೀಡಿ ಆರಿಸಿದ.
‘ಹಾಯಿ ಹೇಳುತ್ತದೆ, ಗಾಳಿ ಬಡಗಿನದು.
ಅಲೆ ಹೇಳುತ್ತದೆ, ತೆಂಕಿನದು.
ಯಾರೋ ಸುಳ್ಳು ಹೇಳುತ್ತಿದ್ದಾರೆ ಮಗಾ.
ಹಾಯಿಗೆ ಸುಳ್ಳು ಬರುವುದಿಲ್ಲ.’
ಎರಡು ವಾರದ ಅಲೆಯನ್ನು ಚಾಕುವಿನಲ್ಲಿ ಕೆರೆದೆ.

ಮತ್ತೆ ಕೆತ್ತಿ ಮುಗಿಯುವಷ್ಟರಲ್ಲಿ ಮಿರ್ಗದ ಮಳೆ.
ಹಾರ್ಡನರ್ ಹನಿ ಎಣಿಸಿ ಬೆರೆಸಿ
ಗುಳ್ಳೆ ಏಳದಂತೆ ಒಂದೇ ದಿಕ್ಕಿಗೆ ತಿರುವಿ
(ಪಾಯಸಕ್ಕೂ ಇಷ್ಟು ತಾಳ್ಮೆ ಬೇಡ)
ಹಡಗಿನ ಸುತ್ತ ಹೊಯ್ದೆ.
ತಿಳಿಯಾಗಿ ನಿಂತಿತು, ತಳದವರೆಗೂ ಕಾಣುವಷ್ಟು.
ರಾತ್ರಿ ಕರೆಂಟು ಹೋಯಿತು,
ಶೀಟಿನ ಸಂದಿಯಿಂದ ಥಂಡಿ ಇಳಿಯಿತು.
ಬೆಳಗ್ಗೆ ನೋಡುತ್ತೇನೆ,
ಸಮುದ್ರ ಮಜ್ಜಿಗೆ.
ಮಳೆಗಾಲದಲ್ಲಿ ರೆಸಿನ್ ಹಚ್ಚಬೇಡಿ, ಬಿಳಿಚಿಕೊಳ್ಳುತ್ತದೆ ಎಂದು
ಬಂದರಿಗೆಲ್ಲ ಹೇಳುವವನು ನಾನೇ.

ಎಸೆಯಲು ಎತ್ತಿದೆ. ಅಜ್ಜ ಮೊಣಕೈ ಹಿಡಿದ.
ಮಾತು ಕೊಂಕಣಿಗೆ ಜಾರಿತು, ತಿರುಗಿ ಬಂತು:
‘ಇದು ಆಷಾಢದ ನೀರು.
ಕಾಳಿ ಘಟ್ಟದ ಕೆಸರು ತಂದು ಸುರಿಯುವಾಗ
ಅಳಿವೆಯ ಬಾಯಿ ಹೀಗೇ ಇರುತ್ತದೆ.
ಈ ನೀರಿಗೆ ಯಾರೂ ಹಾಯಿ ಬಿಚ್ಚುವುದಿಲ್ಲ.’
ಸ್ವಲ್ಪ ತಡೆದು, ‘ಒಬ್ಬ ಬಿಚ್ಚಿದ್ದ.’
ಯಾರೆಂದು ನಾನು ಕೇಳಲಿಲ್ಲ.
ಬಾಗಿಲಲ್ಲಿ ನಿಂತವನ ಬೆನ್ನಿಗೆ ಎರಚಲು ಹೊಡೆಯುತ್ತಿತ್ತು.

ಬಾಳೆನಾರಿನ ಗಂಟು ಒಂದೊಂದೇ ಸಡಿಲಿಸಿ
ಹಾಯಿ ಇಳಿಸಿದೆ. ಒಣಗಿದ ಗಂಜಿ ಚಟಚಟ ಮುರಿಯಿತು,
ಪಂಚೆ ಮತ್ತೆ ಪಂಚೆಯಂತೆ ಮಡಿಚಿಕೊಂಡಿತು.
ಸೂಜಿ ಬಗ್ಗಿಸಿ ಮಾಡಿದ ಲಂಗರು ಡ್ರಾಯರಿನಲ್ಲಿದೆ;
ಅದರ ಹಗ್ಗ ನೀರಿನ ಮೇಲ್ಮೈಯಲ್ಲೇ ಮುಗಿಯುತ್ತದೆ.
ಕೆಳಗೆ ಕಾಣದ್ದರಿಂದ ಯಾರೂ ಕೇಳುವುದಿಲ್ಲ.
ಡೆಕ್ಕಿನ ಮೂವರನ್ನು ಚಿಮಟದಲ್ಲಿ ಎತ್ತಿ
ಬೆಂಕಿಪೊಟ್ಟಣದಲ್ಲಿ ಮಲಗಿಸಿದೆ.

ನೂಲು ಹುಣ್ಣಿಮೆಯ ದಿನ ಬಂದರಿನಲ್ಲಿ ಕಾಯಿ ತೇಲುತ್ತಿದ್ದವು,
ಹುಡುಗರು ಹಾರಿ ಹಾರಿ ಹಿಡಿಯುತ್ತಿದ್ದರು.
ಅಜ್ಜ ಒಳಗೆ ಬಂದು ಮುಷ್ಟಿ ಬಿಚ್ಚಿದ,
ಒಂದು ಕಾಳುಮೆಣಸು.
‘ಒಂದಕ್ಕೆ ಐವತ್ತು ಅಲ್ಲವಾ ನಿನ್ನ ಲೆಕ್ಕ?
ಸಿಪ್ಪೆ ಸಮೇತ ಕಾಯಿ ಇಷ್ಟೇ ಆಗುತ್ತದೆ.’
ಹಣೆಗೆ ಮುಟ್ಟಿಸಿ ಬಿಳಿಚಿದ ನೀರಿನ ಮೇಲಿಟ್ಟ.
ಉರುಳಿ, ಹಡಗಿನ ಬದಿಗೆ ತಾಗಿ ನಿಂತಿತು.

ಅದಕ್ಕೆ ಅಂಟು ಹಚ್ಚಲಿಲ್ಲ. ಗಾಜು ಮುಚ್ಚಿದ್ದೇನೆ.
ಮೀನಿನ ಲಾರಿ ಹೋದಾಗ ಶೆಡ್ಡು ನಡುಗುತ್ತದೆ,
ಕಾಳು ಒಂದು ಕೂದಲೆಳೆ ಸರಿಯುತ್ತದೆ.
ಬೆಂಕಿಪೊಟ್ಟಣ ಇನ್ನೂ ಮೇಜಿನ ಮೇಲಿದೆ.